ಮಗುವಿನ ಮೊದಲ ಚಿತ್ರಗಳನ್ನು ದಿನಬಳಕೆಯ ವಸ್ತುಗಳ ಮೇಲೆ ತರುವ ಬಗೆ

ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಕೈಗೆ ಬಳಪವೋ ಕ್ರೆಯಾನೋ ಸಿಕ್ಕರೆ ಸಾಕು, ಸ್ಲೇಟು, ಅಕ್ಕನ ನೋಟ್‌ಬುಕ್ಕು, ದಿನಪತ್ರಿಕೆಯ ಅಂಚು, ಕೊನೆಗೆ ನಡುಮನೆಯ ಗೋಡೆ ಯಾವುದೂ ಬರಿದಾಗಿ ಉಳಿಯುವುದಿಲ್ಲ. ಅವುಗಳಲ್ಲಿ ಬಹುಪಾಲು ರದ್ದಿಗೆ ಹೋಗುತ್ತವೆ, ಕೆಲವು ಬೀರುವಿನ ಮೇಲಿನ ಫೈಲಿನಲ್ಲಿ ಧೂಳು ಹಿಡಿಯುತ್ತವೆ. ಆಯ್ದ ಒಂದೆರಡು ಚಿತ್ರಗಳನ್ನು ಊಟದ ತಟ್ಟೆ, ಕೈಚೀಲ, ದಿಂಬಿನ ಕವರು, ಹೊದಿಕೆಯಂಥ ದಿನವೂ ಕೈಗೆ ತಾಗುವ ವಸ್ತುಗಳ ಮೇಲೆ ತರುವುದು ಅಷ್ಟೇನೂ ಕಷ್ಟದ ಕೆಲಸವಲ್ಲ, ದುಬಾರಿಯೂ ಅಲ್ಲ. ಬೇಕಾದ ಕೆಲಸಗಾರರು ನಮ್ಮ ಪಾತ್ರೆ ಅಂಗಡಿಗಳಲ್ಲಿ, ಸ್ಟಾಂಪು ಮಾಡುವ ಅಂಗಡಿಗಳಲ್ಲಿ, ಮದುವೆಯ ಚೀಲಗಳಿಗೆ ಅಚ್ಚು ಹಾಕುವಲ್ಲಿ ಮೊದಲಿನಿಂದಲೂ ಇದ್ದಾರೆ. ಆದರೆ ಎರಡು ವಿಷಯಗಳಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಬೇಕಾಗುತ್ತದೆ. ಮಗು ಎಳೆದ ಗೆರೆಯನ್ನು ಯಾರೂ ತಿದ್ದಬಾರದು. ವಸ್ತುವನ್ನು ಮೊದಲು ನಿರ್ಧರಿಸಿ ಅದಕ್ಕೊಂದು ಚಿತ್ರ ಹುಡುಕುವ ಬದಲು, ಚಿತ್ರದ ಸ್ವಭಾವವನ್ನು ನೋಡಿ ವಸ್ತುವನ್ನು ಆರಿಸಬೇಕು.

ಚಿತ್ರವನ್ನು ಆರಿಸುವುದು

ಮಕ್ಕಳ ಚಿತ್ರಕಲೆಯ ಬೆಳವಣಿಗೆಯನ್ನು ಅಧ್ಯಯನ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಸುಮಾರು 2ರಿಂದ 4 ವರ್ಷದವರೆಗೆ ಗೀಚುವ ಹಂತ, 4ರಿಂದ 7ರವರೆಗೆ ಆಕಾರಗಳು ಮೂಡತೊಡಗುವ ಹಂತ, 7ರಿಂದ 9ರವರೆಗೆ ಮನೆ, ಮರ, ಮನುಷ್ಯ ಎಲ್ಲಕ್ಕೂ ಮಗು ತನ್ನದೇ ಆದ ಒಂದು ಸ್ಥಿರ ರೂಪವನ್ನು ಕಂಡುಕೊಳ್ಳುವ ಹಂತ. ಪ್ರತಿ ಮಗುವೂ ಈ ಲೆಕ್ಕಕ್ಕೆ ಸರಿಯಾಗಿ ನಡೆಯುವುದಿಲ್ಲವಾದರೂ, ಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಾಗ ಈ ವಿಂಗಡಣೆ ಬಹಳ ನೆರವಿಗೆ ಬರುತ್ತದೆ.

ಗೀಚುವ ಹಂತದ ಚಿತ್ರದಲ್ಲಿ ಇರುವುದು ತೋಳಿನ ಚಲನೆ ಮತ್ತು ಬಣ್ಣ. ಒಂದರ ಮೇಲೊಂದು ಸುತ್ತಿದ ನೀಲಿ ಸುರುಳಿಗಳನ್ನು ಚಿಕ್ಕದಾಗಿಸಿ ಕೀಚೈನಿಗೆ ಹಾಕಿದರೆ ಅದು ಕೊಳೆಯ ಕಲೆಯಂತೆ ಕಾಣುತ್ತದೆ, ಅದನ್ನೇ ದೊಡ್ಡದಾಗಿಸಿ ದಿಂಬಿನ ಕವರಿನ ತುಂಬ ಹರಡಿದರೆ ಸೊಗಸಾದ ವಿನ್ಯಾಸವಾಗುತ್ತದೆ. ಮೂರು, ನಾಲ್ಕನೆಯ ವರ್ಷದಲ್ಲಿ ಬರುವ ಮನುಷ್ಯಾಕೃತಿಗಳು ಇದಕ್ಕೆ ತೀರ ವಿರುದ್ಧ. ದೊಡ್ಡದೊಂದು ವೃತ್ತ, ಅದರೊಳಗೆ ಕಣ್ಣಿಗೆ ಎರಡು ಚುಕ್ಕಿ, ಮುಂಡವೇ ಇಲ್ಲದೆ ಗಲ್ಲದಿಂದ ನೇರವಾಗಿ ಇಳಿದ ಎರಡು ಕಾಲು, ಕಿವಿಯ ಜಾಗದಿಂದ ಹೊರಟ ಕೈಗಳು: ಪ್ರಪಂಚದ ಎಲ್ಲೆಡೆ ಮಕ್ಕಳು ಈ ವಯಸ್ಸಿನಲ್ಲಿ ಮನುಷ್ಯನನ್ನು ಬರೆಯುವುದು ಹೆಚ್ಚುಕಡಿಮೆ ಹೀಗೆಯೇ. ಬರಿಯ ಗೆರೆಯಿಂದಾದ ಈ ಆಕೃತಿಗಳು ಕೊರೆತಕ್ಕೆ, ಕಸೂತಿಗೆ, ರಬ್ಬರ್ ಸ್ಟಾಂಪಿಗೆ ಹೇಳಿ ಮಾಡಿಸಿದಂತಿರುತ್ತವೆ. ಐದಾರು ವರ್ಷದ ನಂತರದ, ಕೆಳಗೊಂದು ನೆಲದ ಗೆರೆ ಮತ್ತು ಮೂಲೆಯಲ್ಲೊಂದು ಸೂರ್ಯ ಇರುವ ತುಂಬು ಚಿತ್ರಗಳಿಗೆ ಕ್ಯಾಲೆಂಡರು, ನೋಟ್‌ಬುಕ್ಕಿನ ರಟ್ಟು ಒಳ್ಳೆಯ ಜಾಗ.

ಆರಿಸುವಾಗ ಚೆನ್ನಾಗಿದೆ ಅನ್ನಿಸುವುದನ್ನೇ ಹುಡುಕಬೇಡಿ, ಆ ಮಗುವೇ ಬರೆದದ್ದು ಎಂದು ಮನೆಯವರಿಗೆ ನೋಡಿದ ಕೂಡಲೇ ಗೊತ್ತಾಗುವ ಚಿತ್ರವನ್ನು ಹುಡುಕಿ. ಶಿಕ್ಷಕರು ಬರೆದುಕೊಟ್ಟ ಮಾವಿನಹಣ್ಣಿನೊಳಗೆ ಹಳದಿ ತುಂಬಿದ ಹಾಳೆಗಿಂತ, ಜೆರಾಕ್ಸಿನ ಹಿಂಬದಿಯಲ್ಲಿ ತಾನೇ ಬರೆದ ಬಸ್ಸು ಮೇಲು.

ಆರಿಸಿದ ಕೂಡಲೇ, ನೆನಪು ಹಸಿಯಾಗಿರುವಾಗಲೇ, ಹಾಳೆಯ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ದಿನಾಂಕ, ಮಗುವಿನ ವಯಸ್ಸು ವರ್ಷ ಮತ್ತು ತಿಂಗಳುಗಳಲ್ಲಿ, ಹಾಗೂ ಅದು ಏನೆಂದು ಮಗು ಹೇಳಿತೋ ಆ ಮಾತನ್ನು ಹಾಗೆಯೇ ಬರೆದಿಡಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ, ಹಾಗಾಗಿ ಪೆನ್ಸಿಲೇ ಆಗಬೇಕು. ನಮ್ಮ ಮನೆಯ ಒಂದು ಹಾಳೆಯ ಹಿಂದೆ "ಇದು ಅಜ್ಜಿ, ಕೋಪ ಬಂದಿದೆ, ಆದ್ರೆ ನನ್ ಮೇಲಲ್ಲ" ಎಂದಿದೆ. ಆ ಮಾತಿಲ್ಲದಿದ್ದರೆ ಅಜ್ಜಿಯ ತಲೆಯ ಸುತ್ತಲಿನ ಕೆಂಪು ಗೆರೆಗಳು ಕೂದಲೆಂದೇ ನಾವೆಲ್ಲ ತಿಳಿಯುತ್ತಿದ್ದೆವು.

ಮೂಲ ಪ್ರತಿಯನ್ನು ಕಾಪಾಡುವುದು

ಅಚ್ಚಿಗೆ, ಕೊರೆತಕ್ಕೆ ಹೋಗಬೇಕಾದದ್ದು ನಕಲು ಮಾತ್ರ. ಮೂಲ ಹಾಳೆ ಮನೆ ಬಿಟ್ಟು ಹೊರಡಬಾರದು. ಹಲವರು ಪ್ರೀತಿಯಿಂದಲೇ ಮಾಡುವ ಒಂದು ಕೆಲಸ ಬಿಸಿ ಲ್ಯಾಮಿನೇಷನ್. ಕ್ರೆಯಾನು ಮೇಣದಿಂದ ಮಾಡಿದ್ದಾದ್ದರಿಂದ ಆ ಶಾಖಕ್ಕೆ ಕರಗಿ ಹರಡುತ್ತದೆ, ಒಮ್ಮೆ ಪ್ಲಾಸ್ಟಿಕ್ಕು ಅಂಟಿದರೆ ಹಾಳೆಯನ್ನು ಬಿಡಿಸಲೂ ಆಗುವುದಿಲ್ಲ. ಅದರ ಬದಲು ಹಾಳೆಗಳ ನಡುವೆ ಒಂದೊಂದು ಬಟರ್ ಪೇಪರ್ ಇಟ್ಟು, ಸುರುಳಿ ಸುತ್ತದೆ, ಮಟ್ಟಸವಾದ ಫೈಲಿನಲ್ಲಿ ಮಲಗಿಸಿಡುವುದು ಕ್ಷೇಮ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುವುದರಿಂದ ಫೈಲನ್ನು ಬಿಗಿ ಮುಚ್ಚಳದ ಡಬ್ಬಿಯೊಳಗಿಟ್ಟು ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಬೇಕು. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ, ಗೆದ್ದಲು ಏರುವ ನೆಲದ ಹತ್ತಿರ ಇಡಬಾರದು. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ಆದ್ದರಿಂದ ಅಂಥ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಮನಸ್ಸಿದ್ದರೂ ಮೊದಲು ಸ್ಕ್ಯಾನ್ ಮಾಡಿಕೊಳ್ಳಬೇಕು.

ಸ್ಕ್ಯಾನ್ ಮತ್ತು ಫೋಟೋ

ಮನೆಯಲ್ಲಿ ಸ್ಕ್ಯಾನರ್ ಇಲ್ಲದಿದ್ದರೆ ಡಿಟಿಪಿ ಅಂಗಡಿಯಲ್ಲಿ, ನಿಮ್ಮ ಕಣ್ಣೆದುರೇ ಮಾಡಿಸಿ. ಚಿತ್ರ ಇದ್ದ ಅಳತೆಯಲ್ಲೇ ಅಚ್ಚಾಗುವುದಾದರೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಸಾಕು, ದೊಡ್ಡದಾಗಿಸುವುದಿದ್ದರೆ 600 ಬೇಕು. ಲೆಕ್ಕ ಸುಲಭ: 10 ಸೆಂಟಿಮೀಟರ್ ಅಗಲದ ಚಿತ್ರವನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 2360 ಪಿಕ್ಸೆಲ್ ಸಿಗುತ್ತದೆ, ಅದನ್ನು 300ರಲ್ಲಿ ಅಚ್ಚು ಹಾಕಿದರೆ 20 ಸೆಂಟಿಮೀಟರ್ ಅಗಲಕ್ಕೂ ಗೆರೆ ಒಡೆಯುವುದಿಲ್ಲ. ಸ್ಕ್ಯಾನಿನ ಕಡತವನ್ನು ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿ ಉಳಿಸಿಕೊಳ್ಳಿ, ಏಕೆಂದರೆ ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಷ್ಟೂ ಗೆರೆಯ ಅಂಚುಗಳಲ್ಲಿ ಕೊಳೆಯಂಥ ಚುಕ್ಕಿಗಳು ಹೆಚ್ಚುತ್ತವೆ.

ಫೋನಿನಲ್ಲೇ ತೆಗೆಯುವುದಾದರೆ ಹಾಳೆಯನ್ನು ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕು ತುಂಬಿದ ಜಗಲಿಯ ನೆಲದ ಮೇಲಿಟ್ಟು, ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು, ತೀರ ಹತ್ತಿರ ಹೋಗದೆ ಸ್ವಲ್ಪ ಮೇಲಿನಿಂದ ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಹಾಳೆಯ ಅಂಚುಗಳು ಬಾಗಿದಂತೆ ಬರುತ್ತವೆ. ದಾಖಲೆ ಸ್ಕ್ಯಾನ್ ಮಾಡುವ ಆ್ಯಪ್‌ಗಳು ಅಕ್ಷರ ಎದ್ದು ಕಾಣಲೆಂದು ಹಿನ್ನೆಲೆಯನ್ನು ಬಿಳುಪಾಗಿಸುತ್ತವೆ, ಆ ಭರದಲ್ಲಿ ಮಗು ಹಗುರವಾಗಿ ಎಳೆದ ಪೆನ್ಸಿಲ್ ಗೆರೆಗಳೇ ಮಾಯವಾಗಬಹುದು. ಆದ್ದರಿಂದ ಮೂಲ ಬಣ್ಣದ ಆಯ್ಕೆಯನ್ನೇ ಬಳಸಬೇಕು. ಗೋಡೆಯ ಮೇಲಿನ ಚಿತ್ರ, ಸ್ಲೇಟಿನ ಚಿತ್ರ, ಅಮ್ಮನ ರಂಗೋಲಿಯ ಪಕ್ಕ ಮಗು ಹಾಕಿದ ರಂಗೋಲಿ ಇವುಗಳಿಗೆ ಫೋಟೋ ಒಂದೇ ದಾರಿ. ಪಕ್ಕದಲ್ಲೊಂದು ಸ್ಕೇಲು ಇಟ್ಟು ತೆಗೆದರೆ ಮುಂದೆ ನಿಜವಾದ ಅಳತೆ ಗೊತ್ತಾಗುತ್ತದೆ. ಕಡತವನ್ನು ಅಂಗಡಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದೇ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಕಡತವನ್ನು ಕುಗ್ಗಿಸಿಬಿಡುತ್ತದೆ.

ಎಷ್ಟು ಶುಚಿಗೊಳಿಸಬೇಕು

ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಲೆವೆಲ್ಸ್ ಎಂಬ ಆಯ್ಕೆಯನ್ನು ತೆರೆದು ಬಿಳಿಯ ಬಾಣವನ್ನು ನಿಧಾನವಾಗಿ ಎಡಕ್ಕೆ ಸರಿಸಿದರೆ ಕಾಗದದ ಹಳದಿ ಹೋಗಿ ಗೆರೆ ಉಳಿಯುತ್ತದೆ. ಮಡಿಕೆಯ ನೆರಳು, ಎಣ್ಣೆಯ ಕಲೆ, ಹಿಂಬದಿಯ ಅಚ್ಚಿನ ಅಕ್ಷರ ಇವನ್ನು ಅಳಿಸಬಹುದು. ಅಲ್ಲಿಗೆ ನಿಲ್ಲಿಸಬೇಕು. ಸೇರದೆ ಉಳಿದ ವೃತ್ತವನ್ನು ಸೇರಿಸುವುದು, ಆರು ಬೆರಳನ್ನು ಐದಾಗಿಸುವುದು, ಗೆರೆಯಿಂದ ಆಚೆ ಚೆಲ್ಲಿದ ಬಣ್ಣವನ್ನು ಕತ್ತರಿಸುವುದು ಇವೆಲ್ಲ ಶುಚಿಗೊಳಿಸುವುದಲ್ಲ, ಚಿತ್ರವನ್ನು ಅಳಿಸುವುದೇ. ಒಂದು ಚಿತ್ರವನ್ನು ಕೊಟ್ಟರೆ ಅದನ್ನು ಚಂದಗೊಳಿಸಿ ಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಈ ಕೆಲಸಕ್ಕೆ ಅವು ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಹಾಗೆ ಹೊರಬರುವ ಮುದ್ದಾದ ಆನೆ ನಿಮ್ಮ ಮಗುವಿನ ಆನೆಯಾಗಿರುವುದಿಲ್ಲ.

ಕೊರೆತಕ್ಕೂ ಸ್ಟಾಂಪಿಗೂ ಗೆರೆಯನ್ನು ವೆಕ್ಟರ್ ರೂಪಕ್ಕೆ, ಅಂದರೆ ಎಷ್ಟು ದೊಡ್ಡದಾಗಿಸಿದರೂ ಒಡೆಯದ ಗೆರೆಯ ರೂಪಕ್ಕೆ, ತರಬೇಕಾಗಬಹುದು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದ ಟ್ರೇಸ್ ಬಿಟ್‌ಮ್ಯಾಪ್ ಇದನ್ನು ಮಾಡಿಕೊಡುತ್ತದೆ. ಆದರೆ ಅದು ಮೂಲೆಗಳನ್ನು ನಯಗೊಳಿಸುವ ಆಯ್ಕೆಯನ್ನು ತಾನಾಗಿಯೇ ಹಾಕಿಕೊಂಡಿರುತ್ತದೆ. ಅದನ್ನು ಕಡಿಮೆ ಮಾಡದಿದ್ದರೆ ಮಗುವಿನ ಕೈಯ ನಡುಕವೆಲ್ಲ ಮಾಯವಾಗಿ ಗೆರೆ ದೊಡ್ಡವರು ಎಳೆದಂತೆ ಕಾಣುತ್ತದೆ. ಬಣ್ಣದ ಚೀಲದ ಮೇಲೆ ಅಚ್ಚು ಹಾಕಿಸುವುದಿದ್ದರೆ ಹಿನ್ನೆಲೆಯನ್ನು ಪಾರದರ್ಶಕವಾಗಿಸಿದ ಪಿಎನ್‌ಜಿ ಕಡತವನ್ನೇ ಕೊಡಬೇಕು, ಇಲ್ಲವಾದರೆ ಚಿತ್ರದ ಸುತ್ತ ಬಿಳಿಯ ಚೌಕವೊಂದು ಸೇರಿಕೊಳ್ಳಬಹುದು.

ಸ್ಟೀಲಿನ ಮೇಲೆ ಕೊರೆಸುವುದು

ನನ್ನ ಮೊದಲ ಆಯ್ಕೆ ಇದು. ಮುಯ್ಯಿ ಕೊಡುವ ಪಾತ್ರೆಗೆ ಹೆಸರು ಹಾಕಿಸುವ ರೂಢಿ ನಮ್ಮಲ್ಲಿ ಇರುವುದರಿಂದ, ಹೆಸರು ಕೊರೆಯುವ ಸಣ್ಣ ಮಿಷನ್ನು ಅನೇಕ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ಅದೇ ಮಿಷನ್ನಿನಿಂದ ಮಗುವಿನ ಚಿತ್ರವನ್ನೂ ಕೊರೆಸಬಹುದು. ಇದರಲ್ಲಿ ಬಣ್ಣವಿಲ್ಲ, ಶಾಯಿಯಿಲ್ಲ, ಹಾಗಾಗಿ ಅನ್ನಕ್ಕೆ ಸೇರುವ ಭಯವಿಲ್ಲ. ತಿಕ್ಕಿ ತೊಳೆದರೂ ಮಾಸುವುದಿಲ್ಲ.

ಚಿತ್ರವನ್ನು ಬೇಕಾದ ಅಳತೆಗೆ, ಅಂದರೆ ಆಕೃತಿ ಮೂರು ನಾಲ್ಕು ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಪಾತ್ರೆಯ ಹೊರಮೈಯನ್ನು ಜಿಡ್ಡಿಲ್ಲದಂತೆ ಒರೆಸಿ, ಕಾರ್ಬನ್ ಹಾಳೆಯ ಮೇಲೆ ಚಿತ್ರವಿಟ್ಟು ನಾಲ್ಕೂ ಕಡೆ ಟೇಪು ಹಚ್ಚಿ, ಒತ್ತಿ ಗೆರೆ ಮೂಡಿಸಿ. ಸ್ಟೀಲಿನ ಮೇಲೆ ಕಾರ್ಬನ್ ಗುರುತು ಬೆರಳು ತಾಗಿದರೂ ಅಳಿಸಿಹೋಗುವುದರಿಂದ ಆ ಗೆರೆಯ ಮೇಲೆ ತೆಳು ಮೊನೆಯ ಪರ್ಮನೆಂಟ್ ಮಾರ್ಕರಿನಿಂದ ಮತ್ತೊಮ್ಮೆ ಎಳೆದುಕೊಂಡೇ ಅಂಗಡಿಗೆ ಹೋಗಬೇಕು. ಕೊರೆದಾದ ಮೇಲೆ ಉಳಿದ ಮಾರ್ಕರ್ ಗುರುತು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಹೋಗುತ್ತದೆ. ಗುಂಡನೆಯ ಲೋಟಕ್ಕಿಂತ ಟಿಫಿನ್ ಡಬ್ಬಿಯ ಮುಚ್ಚಳ, ಅಗಲ ಅಂಚಿನ ತಟ್ಟೆ ಇವುಗಳಲ್ಲಿ ಕೈ ಜಾರುವುದು ಕಡಿಮೆ. ತೀರ ತೆಳು ತಗಡಿನ ಪಾತ್ರೆ ಬೇಡ.

ಮೇಲೆ ಹೇಳಿದ ಕೋಪದ ಅಜ್ಜಿಯನ್ನು ನಾವು ಅವರ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಕೊರೆಸಿದೆವು. ಮುಖದ ಗೆರೆ ನೆತ್ತಿಯಲ್ಲಿ ಹೊರಟು ಸುತ್ತಿ ಬಂದು, ಹೊರಟ ಜಾಗವನ್ನು ದಾಟಿ ಬಲಕ್ಕೆ ಅರ್ಧ ಬೆರಳಿನಷ್ಟು ಹೊರಗೆ ಹೋಗಿದೆ. ಎಡಗೈಗೆ ನಾಲ್ಕು ಬೆರಳು, ಬಲಗೈಗೆ ಒಂಬತ್ತು. ಕೊರೆಯುವವರು ಮಿಷನ್ನನ್ನು ಒಂದು ಕ್ಷಣ ಎತ್ತಿ ಹಿಡಿದು, "ಮೇಡಂ, ಈ ಬಾಲ ಬಿಡ್ಲಾ, ರೌಂಡ್ ಮಾಡ್ಲಾ?" ಎಂದು ಕೇಳಿದರು. ಬಾಲ ಇರಲಿ ಎಂದೆ. ಕೈಚಳಕವುಳ್ಳ ಕೆಲಸಗಾರರ ಕೈ ತಾನಾಗಿಯೇ ಗೆರೆಯನ್ನು ತಿದ್ದಲು ಹೋಗುತ್ತದೆ, ಅದು ಅವರ ತಪ್ಪಲ್ಲ. ಆದ್ದರಿಂದ ಪ್ರತಿಯೊಂದು ಸೊಟ್ಟವೂ ಬೇಕು ಎಂದು ಕೆಲಸ ಶುರುವಾಗುವ ಮುಂಚೆಯೇ ಹೇಳಿ, ಆದಷ್ಟು ಪಕ್ಕದಲ್ಲೇ ನಿಂತಿರಿ.

ಬಟ್ಟೆಯ ಮೇಲೆ ದಾರದ ಗೆರೆ

ಕಸೂತಿ ಮಾಡುವವರಿಗೆ ಹತ್ತಿ ಬಟ್ಟೆಯ ಕರವಸ್ತ್ರ, ಕೈಚೀಲ, ದಿಂಬಿನ ಕವರು ಯಾವುದಾದರೂ ಆಗುತ್ತದೆ. ಮೊದಲು ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ, ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ತಿಳಿ ಬಣ್ಣದ ಬಟ್ಟೆಯಾದರೆ ಚಿತ್ರವನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮೇಲೆ ಬಟ್ಟೆ ಹಿಡಿದು, ನೀರಿಗೆ ಹೋಗುವ ಪೆನ್ನಿನಿಂದ ಗೆರೆ ಎಳೆದುಕೊಳ್ಳಬಹುದು. ಗಾಢ ಬಟ್ಟೆಗೆ ಹೊಲಿಗೆಯವರು ಬಳಸುವ ಬಿಳಿ ಕಾರ್ಬನ್ ಬೇಕು. ಕಸೂತಿ ದಾರದ ಲಡಿಯಲ್ಲಿ ಆರು ಎಳೆಗಳಿರುತ್ತವೆ. ಪೆನ್ಸಿಲ್ ಗೆರೆಗೆ ಎರಡು ಎಳೆ, ಕ್ರೆಯಾನಿನ ದಪ್ಪ ಗೆರೆಗೆ ಮೂರು ನಾಲ್ಕು ಎಳೆ ತೆಗೆದುಕೊಂಡರೆ ಮೂಲದ ತೂಕ ಬಟ್ಟೆಗೂ ಬರುತ್ತದೆ. ಕೆಂಪು ಮತ್ತು ಕಪ್ಪು ದಾರದ ತುಂಡನ್ನು ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಬೇಕು.

ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆ. ಅವುಗಳಲ್ಲಿ ಗವಂತಿ ಹೋದ ದಾರಿಯಲ್ಲೇ ಮರಳಿ ಬರುವ ಹೊಲಿಗೆಯಾದ್ದರಿಂದ ಬಟ್ಟೆಯ ಎರಡೂ ಬದಿಗೆ ಗೆರೆ ಒಂದೇ ರೀತಿ ಕಾಣುತ್ತದೆ, ಒಳಗು ಹೊರಗು ಎರಡೂ ಕಾಣುವ ಕರವಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಹೊಲಿಗೆ ಇಲ್ಲ. ಸಾಂಪ್ರದಾಯಿಕ ಕಸೂತಿಯಲ್ಲಿ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಹೊಲಿಯುತ್ತಾರೆ, ಹಾಗಾಗಿ ಅದರ ಗೆರೆಗಳು ನೇರ ಅಥವಾ ಓರೆ. ಮಗುವಿನ ಬಾಗು ಗೆರೆಗೆ ಎಣಿಕೆಯನ್ನು ಬಿಟ್ಟು, ಹೋಗಿಬರುವ ಕ್ರಮವನ್ನಷ್ಟೇ ಇಟ್ಟುಕೊಂಡು, ತಿರುವುಗಳಲ್ಲಿ ಹೊಲಿಗೆಯನ್ನು ಚಿಕ್ಕದಾಗಿಸಬೇಕಾಗುತ್ತದೆ. ಗೀಚಿದ ಸುರುಳಿಗಳಿಗೆ ಸರಪಳಿ ಹೊಲಿಗೆ ಹೊಂದುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿಯುವ ಕೌದಿಯೂ, ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಹೊದಿಕೆಯೂ ಇದಕ್ಕೆ ಬಹಳ ಒಗ್ಗುತ್ತವೆ. ಮಗುವಿನ ಹಳೆಯ ಅಂಗಿಗಳ ತುಂಡುಗಳ ನಡುವೆ ಚಿತ್ರ ಹೊಲಿದ ಚೌಕಗಳನ್ನು ಸೇರಿಸಿದರೆ ಒಂದೇ ಹೊದಿಕೆಯಲ್ಲಿ ಬಟ್ಟೆಯೂ ಚಿತ್ರವೂ ಉಳಿಯುತ್ತವೆ. ಹೊಲಿಯುವವರಿಗೆ ಒಂದು ಮಾತು ಹೇಳಿರಬೇಕು: ಕೌದಿಯ ಉದ್ದುದ್ದ ಹೊಲಿಗೆ ಆಕೃತಿಯ ಮೇಲೆ ಹಾಯದೆ ಅದರ ಸುತ್ತ ಬಳಸಿ ಹೋಗಲಿ.

ಚಿತ್ರವನ್ನು ಬಟ್ಟೆಯ ಗೊಂಬೆಯಾಗಿಸುವ ಆಸೆ ಹಲವರಿಗಿರುತ್ತದೆ. ಕಡ್ಡಿಯಂಥ ಕಾಲುಗಳನ್ನು ಹೊಲಿದು ಒಳಹೊರಗು ಮಾಡಲು ಕನಿಷ್ಠ ಮೂರು ಸೆಂಟಿಮೀಟರ್ ಅಗಲವಾದರೂ ಬೇಕು. ಅಷ್ಟು ದಪ್ಪ ಮಾಡಲು ಮನಸ್ಸಿಲ್ಲದಿದ್ದರೆ ಕಾಲಿನ ಬದಲು ದಪ್ಪ ಹತ್ತಿ ಹಗ್ಗ ಹೊಲಿಯಬಹುದು, ಅದು ಚಿತ್ರಕ್ಕೆ ಹೆಚ್ಚು ಹತ್ತಿರ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಕಣ್ಣಿಗೆ ಗುಂಡಿಯಾಗಲಿ ಮಣಿಯಾಗಲಿ ಬೇಡ, ಕೈಕಾಲಿಗೆ ಹಗ್ಗವೂ ಬೇಡ. ಕಣ್ಣನ್ನು ದಾರದಲ್ಲೇ ಹೊಲಿಯಿರಿ.

ಸ್ಟಾಂಪು ಮತ್ತು ಅಚ್ಚು

ರಬ್ಬರ್ ಸ್ಟಾಂಪು ಎಲ್ಲಕ್ಕಿಂತ ಅಗ್ಗ. ಪೂರ್ತಿ ಕಪ್ಪು ಗೆರೆಯ, ಬೂದು ಛಾಯೆಯಿಲ್ಲದ ಚಿತ್ರ ಕೊಡಬೇಕು. ಮನೆಯ ಪುಸ್ತಕಗಳ ಮೊದಲ ಪುಟಕ್ಕೆ, ಮುಯ್ಯಿಯ ಲಕೋಟೆಗೆ, ಊರಿಗೆ ಕಳಿಸುವ ಹಪ್ಪಳ ಸಂಡಿಗೆಯ ಪೊಟ್ಟಣಕ್ಕೆ ಒತ್ತಬಹುದು, ಒತ್ತುವ ಕೆಲಸವನ್ನು ಮಗುವಿಗೇ ಕೊಡಬಹುದು.

ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ನೂರಾರು ತಾಂಬೂಲದ ಚೀಲ ಬೇಕಿದ್ದರೆ ಸ್ಕ್ರೀನ್ ಪ್ರಿಂಟಿಂಗ್ ಲಾಭ. ಅಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಬೇಕಾದ್ದರಿಂದ ಒಂದೇ ಬಣ್ಣದ ಗೆರೆ ಚಿತ್ರವನ್ನು ಕೊಡಿ. ಒಂದೆರಡು ಚೀಲ ಅಥವಾ ಟೀ ಶರ್ಟು ಮಾತ್ರ ಬೇಕೆಂದರೆ, ಹಲವು ಬಣ್ಣಗಳಿದ್ದರೆ, ಹಾಳೆಯ ಮೇಲೆ ಮುದ್ರಿಸಿ ಬಟ್ಟೆಗೆ ಒತ್ತುವ ಡಿಟಿಎಫ್ ವಿಧಾನ ಆಗುತ್ತದೆ, ಆದರೆ ಮುಟ್ಟಿದರೆ ಪ್ಲಾಸ್ಟಿಕ್ ಪದರ ಕೈಗೆ ಗೊತ್ತಾಗುತ್ತದೆ. ಸಬ್ಲಿಮೇಷನ್ ಎಂದು ಅಂಗಡಿಯವರು ಹೇಳುವ ವಿಧಾನದಲ್ಲಿ ಬಣ್ಣ ಶಾಖಕ್ಕೆ ಆವಿಯಾಗಿ ಪಾಲಿಯೆಸ್ಟರಿನೊಳಗೆ ಇಳಿಯುತ್ತದೆ. ಇದು ಹತ್ತಿ ಬಟ್ಟೆಗೆ ಹಿಡಿಯುವುದಿಲ್ಲ, ತಿಳಿ ಬಣ್ಣದ ಪಾಲಿಯೆಸ್ಟರಿಗೆ ಮತ್ತು ಅದರದೇ ಲೇಪವಿರುವ ಪಿಂಗಾಣಿ ಮಗ್ಗಿಗೆ ಮಾತ್ರ ಸರಿ. ಮಗ್ಗಿನ ಸುತ್ತ ಅಚ್ಚಿಗೆ ಸಿಗುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ. ಹಿಡಿ ಬಲಕ್ಕಿರುವಂತೆ ಇಟ್ಟಾಗ ಕಾಣುವ ಮುಖ ಬಲಗೈಯಲ್ಲಿ ಕುಡಿಯುವವರಿಗೆ ಕಾಣುತ್ತದೆ, ಹಿಡಿ ಎಡಕ್ಕಿದ್ದಾಗ ಕಾಣುವುದು ಎದುರು ಕುಳಿತವರಿಗೆ. ಚಿತ್ರ ಯಾರಿಗೆ ಕಾಣಬೇಕೆಂದು ಮೊದಲೇ ಹೇಳಿ.

ಮಗುವಿನ ಒಪ್ಪಿಗೆ, ಮಗುವಿನ ಹೆಸರು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಿತ್ರದ ಕರ್ತೃ ಎಂದರೆ ಅದನ್ನು ಬರೆದವರು, ಅಂದರೆ ಇಲ್ಲಿ ಮಗುವೇ. ಕಾಯ್ದೆಯ ಮಾತಿರಲಿ, ಮೂರು ವರ್ಷದ ಮಗುವಿಗೂ ತನ್ನ ಚಿತ್ರ ಎಲ್ಲಿಗೆ ಹೋಗುತ್ತದೆಂದು ತಿಳಿಯುವ ಹಕ್ಕಿದೆ. ಇದನ್ನು ತಾತನ ಚೀಲದ ಮೇಲೆ ಹಾಕಿಸೋಣವೇ ಎಂದು ಕೇಳಿ, ಬೇಡವೆಂದರೆ ಬೇರೆ ಚಿತ್ರ ಆರಿಸಿ. ಶಾಲೆಗೆ, ಬಸ್ಸಿಗೆ ಒಯ್ಯುವ ವಸ್ತುವಿನ ಹೊರಗೆ ಮಗುವಿನ ಹೆಸರಾಗಲಿ ಶಾಲೆಯ ಹೆಸರಾಗಲಿ ಬೇಡ, ಅಪರಿಚಿತರು ಹೆಸರು ಹಿಡಿದು ಕರೆಯುವುದಕ್ಕೆ ಅದು ದಾರಿಯಾಗುತ್ತದೆ. ಹೆಸರು, ವಯಸ್ಸು, ವರ್ಷ ಚೀಲದ ಒಳಬದಿಯಲ್ಲೋ ಡಬ್ಬಿಯ ತಳದಲ್ಲೋ ಇದ್ದರೆ ಸಾಕು. ಆನ್‌ಲೈನಿನಲ್ಲಿ ಮಾಡಿಸುವುದಿದ್ದರೆ, ಗ್ರಾಹಕರ ಚಿತ್ರವನ್ನು ತಮ್ಮ ಜಾಹೀರಾತಿಗೆ ಬಳಸುತ್ತಾರೆಯೇ ಎಂಬುದನ್ನು ಷರತ್ತುಗಳಲ್ಲಿ ಓದಿಯೇ ಕಡತ ಕಳಿಸಿ.

ಬಳಸುವುದು, ಸವೆದಾಗ ಮತ್ತೆ ಮಾಡಿಸುವುದು

ದಿನಬಳಕೆಯ ವಸ್ತು ಸವೆಯುತ್ತದೆ, ಸವೆಯಲೆಂದೇ ಅದನ್ನು ಮಾಡಿಸಿರುತ್ತೇವೆ. ಶೋಕೇಸಿನಲ್ಲಿ ಇಡುವುದಾದರೆ ಚೀಲಕ್ಕಿಂತ ಚೌಕಟ್ಟೇ ಸಾಕಿತ್ತು. ಅಚ್ಚು ಹಾಕಿದ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ, ಇಸ್ತ್ರಿಯನ್ನು ಹಿಂಬದಿಯಿಂದಲೇ ಹಾಕಿ. ಮಗ್ಗನ್ನು ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಿಂದ ಉಜ್ಜದೆ ಮೆತ್ತನೆಯ ಸ್ಪಂಜಿನಲ್ಲಿ ತೊಳೆಯಿರಿ. ಕಸೂತಿಯ ಎಳೆ ಕಿತ್ತರೆ ಅದೇ ಬಣ್ಣದ ದಾರದಿಂದ ಅಷ್ಟೇ ಭಾಗವನ್ನು ಹೊಲಿದುಕೊಳ್ಳಬಹುದು, ಅದಕ್ಕಾಗಿ ಉಳಿದ ದಾರವನ್ನು ಮೂಲ ಚಿತ್ರದ ಫೈಲಿನಲ್ಲೇ ಒಂದು ಸಣ್ಣ ಲಕೋಟೆಯಲ್ಲಿ ಹಾಕಿಡಿ. ಸ್ಕ್ಯಾನ್ ಮಾಡಿದ ಕಡತದ ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲೋ ಕ್ಲೌಡಿನಲ್ಲೋ ಇರಲಿ. ಕಡತದ ಹೆಸರಿನಲ್ಲೇ ವರ್ಷ, ತಿಂಗಳು, ಮಗು ಹೇಳಿದ ಮಾತಿನ ಒಂದೆರಡು ಪದ ಮತ್ತು ಯಾವ ಅಳತೆಗೆ, ಯಾವ ವಸ್ತುವಿನ ಮೇಲೆ ಮಾಡಿಸಿತ್ತು ಎಂಬುದನ್ನು ಸೇರಿಸಿದರೆ, ಚೀಲದ ಹಿಡಿ ಹರಿದಾಗ ಅಥವಾ ಬೇರೆ ಊರಿನಲ್ಲಿರುವ ಚಿಕ್ಕಮ್ಮ ತನಗೂ ಒಂದು ಬೇಕೆಂದಾಗ, ಅದೇ ಕಡತದಿಂದ ಇನ್ನೊಂದನ್ನು ಮಾಡಿಸಬಹುದು.